ಹಿತ್ತಲ ಮಣ್ಣು ಹಿತ್ತಲದಾಗೇ ಇರಲಿ

ಅವ್ವಂದಿರೇ, ಅಕ್ಕಂದಿರೇ, ಹೋದ ವರ್ಷದ ಮಿರಗ ಮಳಿ ನೆನಪೈತೇನ್ರಿ? ಒಂದೇ ರಾತ್ರಿಯ ಮಳೆಗೆ ನಮ್ಮ ಹಿತ್ತಲದ ಮೆಣಸಿನ ಸಸಿ ಬೇರುಸಹಿತ ಎದ್ದು ಹೋದವು. ಸಸಿ ಕೆಳಗಿನ ಮನೆಯ ಅಂಗಳದಾಗ, ಮಣ್ಣು ಗಟಾರದಾಗ! ಆ ಮನಿ ಚಿಗವ್ವ ಎರಡು ದಿನ ನಮ್ಮ ಕೂಡ ಮಾತಾಡಲಿಲ್ಲ. ಅವರ ಸಿಟ್ಟು ತಪ್ಪೇನಲ್ಲ.

ಮಳೆಹನಿ ಬರೇ ನೆಲಕ್ಕೆ ಬಡಿದು ಮಣ್ಣನ್ನು ಬಿಡಿಸುತ್ತದೆ. ಹರಿಯುವ ನೀರು ಅದನ್ನು ಹೊತ್ತೊಯ್ಯುತ್ತದೆ. ಮೊದಲು ಹೋಗುವುದು ಮೇಲಿನ ಮಣ್ಣು. ನಾವು ಹಾಕಿದ ತಿಪ್ಪೆಗೊಬ್ಬರದ ಸತ್ವವೆಲ್ಲ ಅದರಲ್ಲೇ. ಅಂಥ ಮಣ್ಣು ಒಂದು ಇಂಚು ಆಗಲು ನೂರಾರು ವರ್ಷ ಬೇಕು.

ನಾವು ಕಣ್ಣಂದಾಜಿನಲ್ಲಿ ಒಂದು ಒಡ್ಡು ಹಾಕಿದೆವು. ಒಂದು ಕಡೆ ತಗ್ಗಾಗಿತ್ತು. ನೀರೆಲ್ಲ ಅಲ್ಲೇ ಕೂಡಿ ಒಡ್ಡು ಒಡೆಯಿತು. ಮೊದಲಿಗಿಂತ ದೊಡ್ಡ ಕೊರಕಲು ಬಿತ್ತು. ಒಡ್ಡು ಇಳಿಜಾರಿಗೆ ಅಡ್ಡಲಾಗಿ, ಸಮಮಟ್ಟದಲ್ಲಿ ಇರಬೇಕು ಎಂದು ಆಗ ತಿಳಿಯಿತು.

ಮಟ್ಟ ನೋಡಲು ಗೌಂಡಿ ಬೇಕಿಲ್ಲ. 6 ಅಡಿಯ 2 ಬಿದಿರು ಗಳ ತನ್ನಿರಿ. ತುದಿ ಕೂಡಿಸಿ ಕಟ್ಟಿ, ಕಾಲು ಅಗಲಿಸಿ, ನಡುವೆ ಅಡ್ಡಕೋಲು ಕಟ್ಟಿರಿ. ಮೇಲಿನ ಗಂಟಿನಿಂದ ದಾರ ಇಳಿಬಿಟ್ಟು, ಅಡ್ಡಕೋಲಿನ ಕೆಳಗೆ ಬರುವಂತೆ ಕಲ್ಲು ಕಟ್ಟಿರಿ. ಕಾಲು ನಿಂತ ಎರಡೂ ಕಡೆ ನೆಲಕ್ಕೆ ಗುರುತು ಮಾಡಿರಿ. ದಾರ ಅಡ್ಡಕೋಲಿಗೆ ತಾಗಿದಲ್ಲಿ ಗೆರೆ ಹಾಕಿರಿ. ಈಗ ಎಡಗಾಲಿನ ಗುರುತಿಗೆ ಬಲಗಾಲು ಬರುವಂತೆ ತಿರುಗಿಸಿ ಇಟ್ಟು, ಇನ್ನೊಂದು ಗೆರೆ ಹಾಕಿರಿ. ಎರಡು ಗೆರೆಗಳ ನಟ್ಟನಡುವೆ ‘ಮಟ್ಟ’ ಎಂದು ಬರೆಯಿರಿ. ಬರೆಯೋದು ಕಲಿತದ್ದು ಇಲ್ಲೂ ಬಂತು ನೋಡ್ರಿ!

ಒಂದು ಕಾಲು ಊರಿ ಇನ್ನೊಂದನ್ನು ಸರಿಸಿರಿ. ದಾರ ‘ಮಟ್ಟ’ಕ್ಕೆ ಬಂದಲ್ಲಿ ಗೂಟ ಹೊಡೆಯಿರಿ. ಹೀಗೇ ಮುಂದೆ ಹೋಗಿರಿ. ಗೂಟದ ಸಾಲಿನ ಮೇಲೆ ಕಲ್ಲು ಜೋಡಿಸಿ, 4–5 ಇಂಚಿಗೆ ಒಂದರಂತೆ ಲಾವಂಚದ ಬುಡ ನೆಡಿರಿ. ಗುಂಡ್ಲುಪೇಟೆ ಕಡೆಯ ರೈತರು ಹಿಂದಿನಿಂದಲೂ ಹೊಲದ ಗಡಿಗೆ ಇದನ್ನೇ ಬೆಳೆಸಿದ್ದಾರೆ. ಇದರ ಬೇರು 10 ಅಡಿಯ ತನಕ ಇಳಿಯುತ್ತದೆ. ವಾಸನೆಯ ಬೇರಿಗೆ ಆಸೆಪಟ್ಟು ಕಿತ್ತೀರಿ ಮತ್ತ!

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಮಸಾರಿ ಮಣ್ಣೂ ಐತಿ, ಎರಿ ಮಣ್ಣೂ ಐತಿ. ಎರಿ ಮಣ್ಣು ಬ್ಯಾಸಿಗ್ಯಾಗ ಬಿರಿಯುತ್ತದೆ. ಬರೀ ಮಣ್ಣಿನ ಒಡ್ಡು ಅಲ್ಲಿ ನಿಲ್ಲುವುದಿಲ್ಲ. ಹುಲ್ಲು ಬೇಕೇ ಬೇಕು. ಸಸಿಗಳ ನಡುವೆ ಗೋವಿನಜೋಳದ ದಂಟು, ಒಣ ಎಲೆ ಹರಡಿರಿ.

ಹೆಚ್ಚಾದ ನೀರಿಗೆ ಒಂದು ಬದಿ ಕಲ್ಲು ಹಾಸಿದ ದಾರಿ ಬಿಡಿರಿ. ಎಲ್ಲಿ ಬಿಡಬೇಕೆಂದು ಈ ಸಲ ಚಿಗವ್ವನನ್ನೇ ಕರೆದು ಕೇಳಿದೆವು. ತಾವೇ ಜಾಗ ತೋರಿಸಿದರು, ನಾಲ್ಕು ಕಲ್ಲೂ ಕೊಟ್ಟರು.

ರೋಹಿಣಿ ಮಳಿ ಬರೋದರೊಳಗ ಕೆಲಸ ಮುಗೀಬೇಕು. ರವಿವಾರ ನಾವು ಗಳ ತರುತ್ತೇವೆ. ನೀವು ದಾರ, ಗೂಟ ತನ್ನಿರಿ.