ಒಂದೇ ಪದದ ಭಾಷಣ

ಭಾಷಣವೆಂದರೆ ಗಂಟೆಗಟ್ಟಲೆ ನಡೆಯಬೇಕೆಂದೇನೂ ಇಲ್ಲ. 1933ರ ಫೆಬ್ರುವರಿ 19ರಂದು ಜರ್ಮನಿಯ ಲ್ಯೂಬೆಕ್ ನಗರದ ಮೈದಾನದಲ್ಲಿ ಸಾವಿರಾರು ಜನರೆದುರು ಪತ್ರಕರ್ತರೊಬ್ಬರು ಒಂದೇ ಪದದ ಭಾಷಣ ಮಾಡಿದರು. 'ಸ್ವಾತಂತ್ರ್ಯ!' ಎಂಬುದೇ ಆ ಪದ. ನುಡಿದವರು ಜೂಲಿಯಸ್ ಲೇಬರ್.

ಲೇಬರ್ ಹುಟ್ಟಿದ್ದು 1891ರಲ್ಲಿ, ಆಗ ಜರ್ಮನಿಗೆ ಸೇರಿದ್ದ ಅಲ್ಸೇಸ್ ಪ್ರಾಂತ್ಯದ ಹಳ್ಳಿಯೊಂದರಲ್ಲಿ, ಬಡತನದಲ್ಲಿ. ವಿದ್ಯಾರ್ಥಿಯಾಗಿದ್ದಾಗಲೇ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಸೇರಿದರು. ಮೊದಲ ಮಹಾಯುದ್ಧದಲ್ಲಿ ಸೇನಾಧಿಕಾರಿಯಾಗಿದ್ದರು. 1920ರಲ್ಲಿ ಬಲಪಂಥೀಯರು ಹೊಸ ಗಣರಾಜ್ಯವನ್ನು ಉರುಳಿಸಲು ಹೊರಟಾಗ ಗಣರಾಜ್ಯದ ಪರ ನಿಂತರು. ಮರುವರ್ಷ ಲ್ಯೂಬೆಕ್‌ನಲ್ಲಿ ಪಕ್ಷದ ದಿನಪತ್ರಿಕೆ 'ಫೋಕ್ಸ್‌ಬೋಟೆ'ಯ ಸಂಪಾದಕರಾದರು. ಹೆಸರಿನ ಅರ್ಥ 'ಜನದೂತ'. ಮುಂದೆ ಜರ್ಮನಿಯ ಚಾನ್ಸಲರ್ ಆದ ವಿಲ್ಲಿ ಬ್ರಾಂಟ್ ಹುಡುಗನಾಗಿದ್ದಾಗ ಬರೆದದ್ದು ಇದೇ ಪತ್ರಿಕೆಗೆ.

1924ರಲ್ಲಿ ಲೇಬರ್ ಸಂಸತ್ತಿಗೆ ಆಯ್ಕೆಯಾದರು. ಲೇಖನಿಯನ್ನು ಮಾತ್ರ ಬಿಡಲಿಲ್ಲ. ಹಿಟ್ಲರ್ ಅಧಿಕಾರಕ್ಕೆ ಬಂದ ಮರುದಿನದ ರಾತ್ರಿಯೇ ನಾಜಿಗಳು ಅವರ ಮೇಲೆ ಹಲ್ಲೆ ಮಾಡಿದರು. ಘರ್ಷಣೆಯಲ್ಲಿ ನಾಜಿ ಪಡೆಯವನೊಬ್ಬ ಸತ್ತ. ಸಂಸತ್ ಸದಸ್ಯರೆಂಬ ರಕ್ಷಣೆಯಿದ್ದರೂ ಬಂಧಿತರಾದದ್ದು ಲೇಬರ್. ಊರಿನ ಕಾರ್ಮಿಕರು ಮುಷ್ಕರ ಹೂಡಿದರು, ಅವರ ಬಿಡುಗಡೆಯಾಯಿತು. ಗಾಯ ಮಾಸದ ಲೇಬರ್, ಮಾತನಾಡಬಾರದೆಂಬ ನಿರ್ಬಂಧದ ನಡುವೆ, ಆ ಒಂದು ಪದ ಕೂಗಿದ್ದು ಆಗಲೇ. ಅದೇ ಮಾರ್ಚ್ 23ರಂದು, ಹಿಟ್ಲರನಿಗೆ ಸರ್ವಾಧಿಕಾರ ನೀಡುವ ಮಸೂದೆ ಮತಕ್ಕೆ ಬಂದ ದಿನ, ಅವರನ್ನು ಮತ್ತೆ ಹಿಡಿದರು. ಸೆರೆಮನೆಯಲ್ಲಿ ಕುಳಿತು ಅವರು ತಮ್ಮ ಪಕ್ಷವೇ ಏಕೆ ಸೋತಿತೆಂದು ನಿರ್ದಾಕ್ಷಿಣ್ಯವಾಗಿ ಬರೆದರು. ಬಳಿಕ ಯಾತನಾ ಶಿಬಿರ. ಹೊರಬಂದದ್ದು 1937ರಲ್ಲಿ.

ಆ ವೇಳೆಗೆ ಪತ್ರಿಕೆಯೂ ಇರಲಿಲ್ಲ, ಪಕ್ಷವೂ ಇರಲಿಲ್ಲ. ಸಂಪಾದಕರು ಬರ್ಲಿನ್ನಿನಲ್ಲಿ ಕಲ್ಲಿದ್ದಲ ವ್ಯಾಪಾರಿಯಾದರು. ಗಿರಾಕಿಗಳು ಬಂದುಹೋಗುವ ಅಂಗಡಿಯಲ್ಲಿ ಹಿಟ್ಲರ್ ವಿರೋಧಿಗಳು ಗುಟ್ಟಾಗಿ ಸೇರುತ್ತಿದ್ದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಹಿಟ್ಲರನ ಹತ್ಯೆಗೆ ಸಂಚು ಹೂಡಿದ್ದ ಕರ್ನಲ್ ಸ್ಟೌಫೆನ್‌ಬರ್ಗ್ ಜತೆ ಲೇಬರ್ ಕೈಜೋಡಿಸಿದರು. ಹೊಸ ಸರ್ಕಾರದಲ್ಲಿ ಅವರು ಗೃಹಮಂತ್ರಿಯಾಗಬೇಕೆಂದಿತ್ತು. ಭೂಗತ ಕಮ್ಯುನಿಸ್ಟರನ್ನು ಸಂಪರ್ಕಿಸಿದಾಗ ಅಲ್ಲೊಬ್ಬ ಗೂಢಚಾರನಿದ್ದ. 1944ರ ಜುಲೈ 5ರಂದು ಲೇಬರ್ ಸೆರೆಯಾದರು. ಹದಿನೈದು ದಿನಗಳ ನಂತರ ಸಿಡಿದ ಬಾಂಬು ಹಿಟ್ಲರನನ್ನು ಕೊಲ್ಲಲಿಲ್ಲ. 1945ರ ಜನವರಿ 5ರಂದು ಬರ್ಲಿನ್ನಿನ ಪ್ಲ್ಯೋಟ್ಜೆನ್‌ಸೇ ಸೆರೆಮನೆಯಲ್ಲಿ ಲೇಬರ್ ಅವರನ್ನು ಗಲ್ಲಿಗೇರಿಸಲಾಯಿತು. ನಾಜಿ ಆಳ್ವಿಕೆ ಮುಗಿಯಲು ಉಳಿದಿದ್ದದ್ದು ನಾಲ್ಕು ತಿಂಗಳು.

ಸಾವಿರಾರು ಪದಗಳನ್ನು ಅಚ್ಚು ಹಾಕಿಸಿದ ಸಂಪಾದಕರನ್ನು ಇತಿಹಾಸ ಒಂದು ಪದಕ್ಕಾಗಿ ನೆನೆಯುತ್ತದೆ. ಆ ಪದ ಹೊಸದೇನಲ್ಲ. ಎಲ್ಲ ವೇದಿಕೆಗಳಲ್ಲೂ ಸವೆದದ್ದೇ. ಅದಕ್ಕೆ ತೂಕ ಬಂದದ್ದು ನುಡಿದವರು ಮುಂದಿನ ಹನ್ನೆರಡು ವರ್ಷ ನುಡಿದಂತೆ ನಡೆದದ್ದರಿಂದ.