ತಪ್ಪಿಗೆ ಹೆದರುವ ಮನಸ್ಸು

(ಮಾಸಿಕ ಅನುಭಾವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ನಾನು 31 ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು. ಹಾಜರಿ ಪುಸ್ತಕದಲ್ಲಿ ಒಂದು ಅಂಕಿ ತಪ್ಪಾದರೂ ಇಡೀ ಹಾಳೆಯನ್ನು ಮತ್ತೆ ಬರೆಯುತ್ತಿದ್ದೆ. "ಏನು ಅಚ್ಚುಕಟ್ಟು, ಏನು ಕಾಯಕನಿಷ್ಠೆ!" ಎಂದು ಎಲ್ಲರೂ ಹೊಗಳುತ್ತಿದ್ದರು. ಆ ರಾತ್ರಿ ನನಗೆ ನಿದ್ದೆ ಬರುತ್ತಿರಲಿಲ್ಲ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಅದರ ಬೇರು ಎಲ್ಲಿತ್ತು? ನನಗಾಗ 12 ವರ್ಷ. ಗಣಿತದಲ್ಲಿ ನೂರಕ್ಕೆ 96 ತೆಗೆದುಕೊಂಡು ಮನೆಗೆ ಓಡಿ ಬಂದೆ. ಅಪ್ಪ ಕೇಳಿದ್ದು ಒಂದೇ ಮಾತು: "ಉಳಿದ ನಾಲ್ಕು ಎಲ್ಲಿ?" ಆಮೇಲೆ ಬಾರುಕೋಲು. ಅಪ್ಪ ಕೆಟ್ಟವರಲ್ಲ. ನಮಗಾಗಿ ಹೊಲದಲ್ಲಿ ಮೈ ಮುರಿದು ದುಡಿದವರು. ಅವರನ್ನು ಬೆಳೆಸಿದ್ದೂ ಪೆಟ್ಟೇ. ಆದರೆ ಮಗುವಿನ ಮನಸ್ಸು ಆ ದಿನ ಒಂದು ಪಾಠ ಕಲಿಯಿತು: ತಪ್ಪಿಲ್ಲದಿದ್ದರೆ ಮಾತ್ರ ನನಗೆ ಪೆಟ್ಟಿಲ್ಲ, ತಪ್ಪಿಲ್ಲದಿದ್ದರೆ ಮಾತ್ರ ನಾನು ಬೇಕಾದವನು.

ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಮನೋವೈದ್ಯೆ ಕರೆನ್ ಹಾರ್ನಿ 1950ರ ತಮ್ಮ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾರೆ. ಭದ್ರತೆ ಸಿಗದ ಮಗು ಕುಂದಿಲ್ಲದ ಇನ್ನೊಂದು 'ನಾನು'ವನ್ನು ಮನಸ್ಸಿನಲ್ಲೇ ಕಟ್ಟಿಕೊಳ್ಳುತ್ತದೆ. ಮುಂದೆ ಅದೇ 'ಹೀಗಿರಬೇಕು, ಹಾಗಿರಬೇಕು' ಎಂದು ದಬ್ಬಾಳಿಕೆ ನಡೆಸುತ್ತದೆ. ಕೆನಡಾದ ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್ 1991ರಲ್ಲಿ ಈ ಹಟವನ್ನು ಮೂರು ಬಗೆಯಾಗಿ ವಿಂಗಡಿಸಿದರು: ನಾನು ಪರಿಪೂರ್ಣನಾಗಬೇಕು, ನನ್ನವರು ಪರಿಪೂರ್ಣರಾಗಬೇಕು, ಜಗತ್ತು ನನ್ನಿಂದ ಪರಿಪೂರ್ಣತೆಯನ್ನೇ ಬಯಸುತ್ತಿದೆ. ಈ ಮೂರನೆಯದು ಖಿನ್ನತೆಗೆ ಹತ್ತಿರದ ನೆಂಟ. ಪೆಟ್ಟು ತಿಂದ ಮಕ್ಕಳೆಲ್ಲ ಹೀಗಾಗುತ್ತಾರೆಂದಲ್ಲ; ಈ ಹಟಕ್ಕೆ ಬೇರೆ ಕಾರಣಗಳೂ ಇರುತ್ತವೆ. ಆದರೆ ಹಳೆಯ ಗಾಯ ಒಂದು ದೊಡ್ಡ ಕಾರಣ.

ಹಾಗಾದರೆ ಕೆಲಸವನ್ನು ಚೆನ್ನಾಗಿ ಮಾಡುವುದು ತಪ್ಪೇ? ಖಂಡಿತ ಅಲ್ಲ. ಕಾಯಕದಲ್ಲಿ ಪ್ರೀತಿ ಇರುವವನು ತಪ್ಪಾದರೆ ತಿದ್ದಿಕೊಂಡು ಮುಂದೆ ಹೋಗುತ್ತಾನೆ. ಭಯ ಇರುವವನು ತಿದ್ದಿದ ಮೇಲೂ ತನ್ನನ್ನೇ ಹಳಿದುಕೊಳ್ಳುತ್ತಾನೆ. ಇಲ್ಲವೇ ತಪ್ಪಾದೀತೆಂದು ಕೆಲಸವನ್ನೇ ಶುರು ಮಾಡುವುದಿಲ್ಲ. ಹೊರಗಿನಿಂದ ಎರಡೂ ನಿಷ್ಠೆಯಂತೆಯೇ ಕಾಣುತ್ತವೆ. ಭಯಕ್ಕೆ ಕಾಯಕದ ಹೆಸರಿಟ್ಟು ನಾವು ಮೋಸ ಹೋಗಬಾರದು.

ನಾನು ಮೋಸ ಹೋದೆ. ನನ್ನ ಮಗಳು ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 608 ಅಂಕ ತಂದಳು. ನನ್ನ ಬಾಯಿಂದ ಮೊದಲು ಬಂದ ಮಾತು: "ಹದಿನೇಳು ಎಲ್ಲಿ ಹೋದವು?" ನಾನು ಕೈ ಎತ್ತಲಿಲ್ಲ. ಆದರೂ ಆ ಮಗು ಅಂಕಪಟ್ಟಿಯನ್ನು ಮಡಚಿ ಒಳಗೆ ಹೋಯಿತು. ಅವಳ ಮುಖದಲ್ಲಿ 12 ವರ್ಷದ ನನ್ನ ಮುಖವೇ ಕಂಡಿತು. ಬಾರುಕೋಲು ಹೋಗಿತ್ತು, ಪ್ರಶ್ನೆ ಉಳಿದಿತ್ತು.

ಅಂದು ರಾತ್ರಿ ಮಗಳ ಹತ್ತಿರ ಕುಳಿತು, "ತಪ್ಪು ನನ್ನದು ತಾಯಿ" ಎಂದೆ. ಮಕ್ಕಳ ಮುಂದೆ ನಾನು ತಪ್ಪೊಪ್ಪಿಕೊಂಡದ್ದು ಅದೇ ಮೊದಲು. ಹೇಳಿದ ಮೇಲೆ ಎದೆ ಹಗುರಾಯಿತು. ತಪ್ಪು ಒಪ್ಪಿಕೊಂಡರೂ ಮನುಷ್ಯ ಉಳಿಯುತ್ತಾನೆ ಎಂಬುದನ್ನು ನಾನು ಆ ವಯಸ್ಸಿನಲ್ಲಿ ಕಲಿತೆ.

ಬಂಧುಗಳೇ, ಇಂದು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಮಕ್ಕಳು ಅಂಕ ತಂದಾಗ ಬಂದದ್ದನ್ನು ಮೊದಲು ನೋಡಿ. ಹೋದದ್ದನ್ನು ನಾಳೆ ಕೂಡಿ ಕುಳಿತು ನೋಡೋಣ. ನಿಮ್ಮೊಳಗೇ ಆ ಹಳೆಯ ಗಾಯ ಇನ್ನೂ ನೋಯುತ್ತಿದ್ದರೆ ಮುಚ್ಚಿಡಬೇಡಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಹಣವಿಲ್ಲದೆ ಕನ್ನಡದಲ್ಲೇ ಮಾತನಾಡಬಹುದು. ಮೈಗೆ ಜ್ವರ ಬಂದರೆ ವೈದ್ಯರಲ್ಲಿಗೆ ಹೋಗುತ್ತೇವೆ. ಮನಸ್ಸಿನ ನೋವಿಗೆ ಯಾಕೆ ನಾಚಿಕೆ?

ಮಾತಿನಲ್ಲಿ ತಪ್ಪಿದ್ದರೆ ತಿಳಿಸಿ, ತಿದ್ದಿಕೊಳ್ಳುತ್ತೇನೆ. ಈಗ ಅದಕ್ಕೆ ಹೆದರುವುದಿಲ್ಲ.