ಕೌದಿಯ ಅಡಿಬಟ್ಟೆ

ಕೌದಿ ಹೊಲಿಯಲು ಹೊಸದಾಗಿ ಕೂತವರ ಗಮನವೆಲ್ಲ ಮೇಲಿನ ತುಂಡುಬಟ್ಟೆಗಳ ಬಣ್ಣದ ಮೇಲೆ. ಅಡಿಗೆ ಯಾವುದಾದರೂ ನಡೆದೀತು ಎಂದುಕೊಳ್ಳುತ್ತಾರೆ. ಆದರೆ ಹೊದ್ದಾಗ ಮೈಗೆ ತಾಗುವುದು ಅಡಿಬಟ್ಟೆಯೇ. ಪ್ರತಿ ಹೊಲಿಗೆಯೂ ಅದನ್ನು ದಾಟಿಯೇ ಬರಬೇಕು. ಹಾಗಾಗಿ ಮೊದಲ ಕೌದಿಗೆ ಉಟ್ಟು ಹಳತಾದ ಹತ್ತಿ ಸೀರೆಯೇ ಸರಿ ಎಂಬುದು ನನ್ನ ವಾದ. ಹಲವು ಒಗೆತ ಕಂಡ ಸೀರೆ ಕುಗ್ಗುವಷ್ಟು ಕುಗ್ಗಿರುತ್ತದೆ, ಬಿಡುವ ಬಣ್ಣ ಬಿಟ್ಟಿರುತ್ತದೆ, ಸೂಜಿಗೆ ಸಲೀಸಾಗಿ ದಾರಿ ಕೊಡುತ್ತದೆ. 5.5 ಮೀಟರ್ ಸೀರೆಯನ್ನು ನಡುವೆ ಕತ್ತರಿಸಿ, ಅಂಚಿಗೆ ಅಂಚು ಜೋಡಿಸಿದರೆ ಸುಮಾರು 90 ಇಂಚು ಅಗಲ, 108 ಇಂಚು ಉದ್ದದ ಬಟ್ಟೆ ಸಿಗುತ್ತದೆ, ಇಬ್ಬರಿಗೆ ಧಾರಾಳ. ಉತ್ತರ ಕರ್ನಾಟಕದ ಮನೆಗಳಲ್ಲೂ ಹಳಿಯಾಳ, ಯಲ್ಲಾಪುರ ಸೀಮೆಯ ಸಿದ್ದಿ ಮಹಿಳೆಯರಲ್ಲೂ ಕೌದಿಗೆ ಹಳೆಬಟ್ಟೆಯೇ ಆಧಾರ. ಇದಕ್ಕೆ ಬಡತನವೊಂದೇ ಕಾರಣವೆನ್ನುವುದು ಆ ಕೈಗಳ ತಿಳಿವಳಿಕೆಗೆ ಮಾಡುವ ಅನ್ಯಾಯ.

ಹಳೆಯದು ಬೇಗ ಹರಿಯುವುದಿಲ್ಲವೇ ಎಂದು ಕೇಳಬಹುದು. ಹರಿದೀತು, ಆರಿಸದೆ ಬಳಸಿದರೆ. ಬೆಳಕಿಗೆ ಹಿಡಿದು ನೋಡಿ ಜಾಳಾದ ಭಾಗ ಬಿಡಬೇಕು. ಎಳೆದರೆ ಚರ್ರೆನ್ನುವುದು ಬೇಡವೇ ಬೇಡ. ಉಳಿದದ್ದಕ್ಕೆ ಒತ್ತೊತ್ತಾದ ಹೊಲಿಗೆಯೇ ಬಲ. ಜೋಡಣೆಯಿಲ್ಲದ ಹೊಸ ಬೆಡ್‌ಶೀಟ್ ಸುಲಭವಲ್ಲವೇ? ಬಿಗಿ ನೇಯ್ಗೆಯದಾದರೆ ಹಲವು ಪದರ ದಾಟಿಸುವಷ್ಟರಲ್ಲಿ ಹೊಸಬರ ಬೆರಳು ಸೋಲುತ್ತದೆ. ಕೊಳ್ಳಲೇಬೇಕಾದರೆ ತೆಳು ಹತ್ತಿ ಬಟ್ಟೆ ತಂದು, ಮೊದಲು ಒಗೆದು ಒಣಗಿಸಿ. ಹತ್ತಿಯೋ ಅಲ್ಲವೋ ಎಂಬ ಅನುಮಾನವಿದ್ದರೆ ಒಂದೆಳೆ ಸುಟ್ಟು ನೋಡಿ: ಹತ್ತಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅಡಿಬಟ್ಟೆ ಸುತ್ತಲೂ 3 ಇಂಚು ಹೆಚ್ಚಿರಲಿ. ಹೊಲಿಯುತ್ತ ಹೋದಂತೆ ಅದು ಒಳಕ್ಕೆ ಸೇದಿಕೊಳ್ಳುತ್ತದೆ.